ಎಮ್ಮೆಗೆ ಹಾಕಿದ್ದು

ಹೋದ ತಿಂಗಳು ಶಿವಮೊಗ್ಗದ ನಮ್ಮ ಗೋಪಾಳದ ಸಮುದಾಯ ಭವನದಲ್ಲಿ, ಪೌಷ್ಟಿಕ ಆಹಾರದ ಬಗ್ಗೆ ಬಡವರಿಗೆ ತಿಳಿವಳಿಕೆ ಕೊಡುವ ಶಿಬಿರವೊಂದು ನಡೆಯಿತು. ಬಡವರಿಗೆ ಎಲ್ಲರೂ ಕೊಡುವುದು ತಿಳಿವಳಿಕೆಯನ್ನೇ. ಅದಕ್ಕೆ ಕೈಯಿಂದ ಏನೂ ಬಿಚ್ಚಬೇಕಾಗಿಲ್ಲ. ನಾನು ಹೋದದ್ದು ತಿಳಿವಳಿಕೆಗಲ್ಲ. ಭದ್ರಾವತಿಯಿಂದ ನನ್ನ ತಂಗಿ ನಾಗು ಬಂದಿದ್ದಳು, ಮನೆಯಲ್ಲಿ ಸೊಸೆ ಟಿ.ವಿ. ಜೋರಾಗಿ ಹಾಕಿಕೊಂಡಿದ್ದಳು, ಭವನದಲ್ಲಿ ಫ್ಯಾನಿತ್ತು. ಹೋಗಿ ಕೂತೆವು. ಕಾಲೇಜು ಮುಗಿಸಿ ಹೆಚ್ಚು ದಿನ ಆಗಿರದ ಡಯಟಿಷಿಯನ್ ಹುಡುಗಿಯೊಬ್ಬಳು ಗೋಡೆಯ ಮೇಲೆ ತಟ್ಟೆಯ ಚಿತ್ರ ಬಿಟ್ಟಳು. ತಟ್ಟೆಯ ತುಂಬ ಕೆಂಪು, ಹಸಿರು, ಹಳದಿ. ಅದರಲ್ಲಿದ್ದ ಅರ್ಧ ಪದಾರ್ಥಗಳು ಆ ಹಾಲ್‌ನಲ್ಲಿ ಕೂತಿದ್ದ ಯಾವ ಹೆಂಗಸಿನ ಒಲೆಯ ಹತ್ತಿರವೂ ಸುಳಿದವಲ್ಲ. ಮನೆಗೆಲಸಕ್ಕೆ ಹೋಗುವವರು, ಚೌಲ್ಟ್ರಿಗಳಲ್ಲಿ ಪಾತ್ರೆ ತಿಕ್ಕುವವರು, ಗಾರೆ ಕೆಲಸಕ್ಕೆ ಮಣ್ಣು ಹೊರುವವರು ಆ ತಟ್ಟೆಯನ್ನು ಕ್ಯಾಲೆಂಡರಿನ ದೇವರನ್ನು ನೋಡುವ ಹಾಗೆ ನೋಡುತ್ತ ಕೂತಿದ್ದರು. ಆಮೇಲೆ ಆ ಹುಡುಗಿಗೆ ಮುಂದಿನ ಸಾಲಿನಲ್ಲಿದ್ದ ನನ್ನ ಬಿಳಿ ತಲೆ ಕಂಡಿತು.

"ನಮ್ಮ ಹಿರಿಯರು ಏನು ತಿಂತಿದ್ರು ಹೇಳಿ? ರಾಗಿ, ಸೊಪ್ಪು, ಹುರುಳಿ, ಗಟ್ಟಿ ಹಾಲು! ಅದಕ್ಕೇ ಗಟ್ಟಿಮುಟ್ಟಾಗಿದ್ರು. ಅಲ್ವಾ ಅಜ್ಜಿ? ನಿಮ್ಮನೇಲಿ ಇದೆಲ್ಲ ಇತ್ತಲ್ವಾ?"

"ಇತ್ತಮ್ಮ. ಎಲ್ಲಾ ಇತ್ತು," ಎಂದೆ. "ಎಮ್ಮೆ ತಿಂತಿತ್ತು."

ಹಾಲ್ ನಕ್ಕಿತು. ಹುಡುಗಿಯೂ ನಕ್ಕಳು, ಮುದುಕಿ ತಮಾಷೆ ಮಾಡುತ್ತಾಳೆ ಎಂದುಕೊಂಡು. ನಾಗು ಮಾತ್ರ ನಗಲಿಲ್ಲ. ಅವಳು ಕೆಳತುಟಿಯ ಮೇಲಿನ ಗೆರೆಯನ್ನು ಬೆರಳಲ್ಲಿ ಸವರಿಕೊಂಡಳು. ಆ ಗೆರೆ ಬಿದ್ದದ್ದು ನನ್ನಿಂದ. ಹಿರಿಯರ ಕಾಲ, ಹಿರಿಯರ ಊಟ ಎಂದು ಈಗ ಬಾಯಿ ಚಪ್ಪರಿಸುವವರಿಗೆಲ್ಲ ಆ ಗೆರೆಯ ಕಥೆ ಹೇಳಬೇಕು.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿತ್ತು. ರೈಲಿನ ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದರಲ್ಲಿ ಅಪ್ಪನ ಕುರ್ಚಿ, ನಡುವಿನದರಲ್ಲಿ ದೇವರ ಗೂಡು ಮತ್ತು ಅಜ್ಜಿಯ ಹಾಸಿಗೆ, ಕೊನೆಯದು ಅಡುಗೆಮನೆ. ಅದರಾಚೆ ಹಿತ್ತಿಲಲ್ಲಿ ತಗಡು ಹೊದಿಸಿದ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕಾಳಿ ಎಂಬ ಎಮ್ಮೆ. ಹಳ್ಳಿಯಲ್ಲಿದ್ದಾಗ ನಾವು ರಾಗಿ ತಿನ್ನುವ ಜನ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಜನ್ನಾಪುರಕ್ಕೆ ಬಂದ ದಿನ ಅಜ್ಜಿ, ಅಂದರೆ ಅಪ್ಪನ ತಾಯಿ, ಬೀಸುವ ಕಲ್ಲನ್ನು ಹಳ್ಳಿಯಲ್ಲೇ ಬಿಟ್ಟು ಬಂದಳಂತೆ. ಸಂಬಳದವರ ಮನೆಯಲ್ಲಿ ಬೀಸುವ ಕಲ್ಲಿನ ಸದ್ದು ಕೇಳಬಾರದು. ಪಕ್ಕದ ಮನೆಯವರಿಗೆ ಹುರುಳಿ ಸಾರಿನ ವಾಸನೆ ಹೋಗಬಾರದು. ಸೊಪ್ಪು ಕೊಯ್ದುಕೊಂಡು ಬಂದು ತಿನ್ನುವುದು ಕೊಳ್ಳಲು ಗತಿಯಿಲ್ಲದವರ ಕೆಲಸ. ಹೀಗೆ ಊರು ಬಿಟ್ಟ ಒಂದೇ ಏಟಿಗೆ ನಮ್ಮ ತಟ್ಟೆಯಿಂದ ಇದ್ದಬದ್ದ ಸತ್ವವೆಲ್ಲ ಇಳಿದುಹೋಗಿ, ಬಿಳಿ ಅನ್ನ ಮತ್ತು ತೊಗರಿ ಬೇಳೆಯ ತಿಳಿ ಸಾರು ಉಳಿದವು. ಬೇಳೆ ಎಂದರೆ ಎಷ್ಟು ಬೇಳೆ? ಸಾರಿನ ಪಾತ್ರೆಯ ತಳ ಕಾಣುತ್ತಿತ್ತು.

ಅನ್ನವಾದರೂ ಎಂಥದ್ದು! ಹಳ್ಳಿಯಿಂದ ಬರುತ್ತಿದ್ದ ನಮ್ಮ ಪಾಲಿನ ಭತ್ತವನ್ನು ಅಪ್ಪ ಗಾಡಿಯಲ್ಲಿ ಮಿಲ್ಲಿಗೆ ಹೊಡೆದುಕೊಂಡು ಹೋಗಿ, ಇನ್ನೊಂದು ಸಲ ಹಾಕಿ, ಇನ್ನೊಂದು ಸಲ ಹಾಕಿ ಎಂದು ಮಿಲ್ಲಿನವನ ತಲೆ ತಿಂದು, ಮಲ್ಲಿಗೆ ಮೊಗ್ಗಿನಂಥ ಅಕ್ಕಿ ಮಾಡಿಸಿಕೊಂಡು ಬರುತ್ತಿದ್ದ. ಅಂಗೈಯಲ್ಲಿ ಹರಡಿ ಬೀದಿಯವರಿಗೆ ತೋರಿಸುತ್ತಿದ್ದ. ಅದರಿಂದ ಉದುರಿದ ತೌಡು ಎಮ್ಮೆಗೆ. ಅನ್ನ ಬಸಿದ ಗಂಜಿ ಎಮ್ಮೆಗೆ. ನಾಲೆಯ ದಂಡೆಯಿಂದ ನಾನು ದಿನವೂ ಕೊಯ್ದು ತರುತ್ತಿದ್ದ ಸೊಪ್ಪಿನ ಹೊರೆ ಎಮ್ಮೆಗೆ. ಕೊಟ್ಟಿಗೆಯ ಒಲೆಯ ಮೇಲೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಬೇಯುತ್ತಿದ್ದ ಹುರುಳಿ ಎಮ್ಮೆಗೆ. ಬೆಲ್ಲದ ತಳ, ಶೇಂಗಾ ಹಿಂಡಿ, ಅದೂ ಎಮ್ಮೆಗೆ. ಕಾಳಿಯ ಮೈ ಹೇಗೆ ಹೊಳೆಯುತ್ತಿತ್ತೆಂದರೆ ಬೀದಿಯವರು ದೃಷ್ಟಿಯಾಗುತ್ತದೆ ಎಂದು ಹೆದರಿಸುತ್ತಿದ್ದರು. ನನ್ನ ಮತ್ತು ನಾಗುವಿನ ಕೂದಲು ಜೋಳದ ಗರಿಯ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ದೃಷ್ಟಿಯಾಗುವ ಭಯ ಯಾರಿಗೂ ಇರಲಿಲ್ಲ. ಇಷ್ಟೆಲ್ಲ ತಿಂದ ಎಮ್ಮೆ ಕೊಡುತ್ತಿದ್ದ ಹಾಲು ಕ್ವಾರ್ಟರ್ಸಿನ ಸಾಹೇಬರುಗಳ ಮನೆಗೆ ಹೋಗುತ್ತಿತ್ತು. ಉಳಿಯುತ್ತಿದ್ದ ಒಂದು ಚೊಂಬಿನಲ್ಲಿ ಅಪ್ಪನಿಗೆ ಕಾಫಿ, ಅಣ್ಣ ಚನ್ನಬಸುವಿಗೆ ಕೆನೆಯ ಸಮೇತ ಒಂದು ಲೋಟ. ನಮಗೆ ಪಾತ್ರೆ ತೊಳೆದ ನೀರಿನ ಬಣ್ಣದ ಮಜ್ಜಿಗೆ. ಹಾಲಿನ ಕ್ಯಾನು ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಆ ಕೆಲಸಕ್ಕಾಗಿಯೇ ಮೂರನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿದರು. ಒಂದು ಗುಟುಕು ಕುಡಿಯಬೇಕೆಂದು ಅನಿಸಲಿಲ್ಲವೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಅನಿಸಿತು. ಸಾಹೇಬರ ಹೆಂಡತಿ ಗಾಜಿನ ಅಳತೆಗೆ ಸುರಿದು ನೋಡುತ್ತಿದ್ದಳು.

ಬಡಿಸುವುದಕ್ಕೂ ಒಂದು ಸಾಲಿತ್ತು. ಮೊದಲು ಅಪ್ಪ ಮತ್ತು ಅಣ್ಣ. ಆಮೇಲೆ ಹಳ್ಳಿಯಿಂದ ಯಾರಾದರೂ ಬಂದಿದ್ದರೆ ಅವರು. ಯಾರಾದರೂ ಬಂದೇ ಇರುತ್ತಿದ್ದರು. ಆಮೇಲೆ ನಾವಿಬ್ಬರು. ಕೊನೆಗೆ ಅವ್ವ ಪಾತ್ರೆ ಕೆರೆಯುವ ಸದ್ದು. ಅಜ್ಜಿ ಈ ಸಾಲಿನಲ್ಲೇ ಇರಲಿಲ್ಲ. ತಾತ ಸತ್ತ ಮೇಲೆ ಅವಳು ಒಪ್ಪತ್ತಿನ ವ್ರತ ಹಿಡಿದಿದ್ದಳು. ಬೆಳಿಗ್ಗೆ ಪೂಜೆ ಮಾಡಿ, ವಿಭೂತಿ ಧರಿಸಿ, ಒಂದು ಹೊತ್ತು ಉಂಡರೆ ಮುಗಿಯಿತು. ಬೀದಿಯ ಹೆಂಗಸರು ಬಂದು ಕೈಮುಗಿಯುತ್ತಿದ್ದರು.

"ನಿಮ್ಮಂಥ ಮನಸ್ಸು ಯಾರಿಗೈತವ್ವ! ಹಸಿವು ಅನ್ನೋದನ್ನೇ ಗೆದ್ದುಬಿಟ್ಟೀರಿ."

"ಹಸಿವಿಗೇನು, ಅದು ನಾಯಿ ಇದ್ದಂಗೆ. ಹಚಾ ಅಂದ್ರೆ ಹೋಗ್ತತೆ," ಎನ್ನುತ್ತಿದ್ದಳು ಅಜ್ಜಿ.

ಮನೆಯ ಹೆಂಗಸರು ಹೊಟ್ಟೆ ಕಟ್ಟಿಕೊಂಡರೆ ಅದನ್ನು ಮರ್ಯಾದೆ ಎನ್ನುತ್ತಿದ್ದರು. ಗಂಡಸರು ಕಟ್ಟಿಕೊಂಡದ್ದನ್ನು ನಾನು ನೋಡಿಲ್ಲ, ಆದ್ದರಿಂದ ಅದಕ್ಕೇನು ಹೆಸರೋ ಗೊತ್ತಿಲ್ಲ.

ನಾಗುವಿಗೆ ಆಗ ಆರೋ ಏಳೋ ವರ್ಷ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ದೀಪ ಹಚ್ಚುವ ಹೊತ್ತಾದರೆ ಸಾಕು, ಅವಳು ಗೋಡೆ ಹಿಡಿದು ನಡೆಯಲು ಶುರುಮಾಡುತ್ತಿದ್ದಳು. ಹೊಸ್ತಿಲು ಎಡವುತ್ತಿದ್ದಳು. ತಟ್ಟೆ ಮುಂದಿಟ್ಟರೆ ಕೈ ಪಕ್ಕದ ನೆಲಕ್ಕೆ ಹೋಗುತ್ತಿತ್ತು. ಒಂದು ಸಂಜೆ ಕ್ವಾರ್ಟರ್ಸಿಗೆ ಹೊರಟಿದ್ದ ಹಾಲಿನ ಕ್ಯಾನನ್ನೇ ಕಾಲಿಂದ ಒದ್ದು ಉರುಳಿಸಿದಳು. ಹಾಲು ಅಡುಗೆಮನೆಯಿಂದ ಹರಿದು ನಡುಮನೆಗೆ ಬಂತು. ಅಜ್ಜಿ ಸೌಟು ಎತ್ತಿಕೊಂಡಳು.

"ಕಣ್ಣು ನೆತ್ತಿ ಮೇಲಿದಾವೇನೇ ಮೂಳಿ! ಕೆಲಸ ತಪ್ಪಿಸಿಕೊಳ್ಳಾಕೆ ನಾಟಕ ಆಡ್ತೀಯಾ?"

ನಾಟಕ ಎಂಬ ಆ ಮಾತನ್ನು ನಾನು ನಂಬಿದೆ. ನನಗೆ ಸೊಪ್ಪು, ಸಗಣಿ, ಹಾಲು ಎಂದು ಬೆನ್ನು ಬಗ್ಗುತ್ತಿದ್ದರೆ ಇವಳು ಸಂಜೆಯಾಗುತ್ತಲೇ ಮೂಲೆ ಹಿಡಿದು ಕೂರುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಪರೀಕ್ಷೆ ಮಾಡಿಯೇಬಿಡೋಣ ಎಂದು ಮಾರನೆಯ ಸಂಜೆ, ಅವಳು ಬರುವ ದಾರಿಯಲ್ಲಿ ಅಪ್ಪನ ಮರದ ಮಣೆಯನ್ನು ನಿಲ್ಲಿಸಿ ಇಟ್ಟು, ಬಾ ಎಂದು ಕರೆದೆ. ಬಂದಳು. ಮಣೆಯ ಅಂಚಿಗೆ ಬಾಯಿ ಬಡಿದು ಬಿದ್ದಳು. ಅಳಲಿಲ್ಲ. ರಕ್ತ ಸುರಿಯುವ ತುಟಿಯಲ್ಲಿಯೇ ನನ್ನ ಕಡೆಗಲ್ಲದ ಕಡೆ ಮುಖ ಮಾಡಿ,

"ಅಕ್ಕಾ, ದೀಪ ಯಾಕೆ ಹಚ್ಚಿಲ್ಲ?" ಎಂದಳು.

ಹಚ್ಚಿದ ದೀಪ ಅವಳ ತಲೆಯ ಮೇಲೆ ನೇತಾಡುತ್ತಿತ್ತು.

ಆಮೇಲೆ ಮನೆಯವರಿಗೆ ಭಯ ಹತ್ತಿತು. ಮಗು ಕುರುಡಾಗುತ್ತದೆ ಎಂಬ ಭಯ ಎಂದುಕೊಂಡರೆ ತಪ್ಪು. ಬೀದಿಗೆ ಗೊತ್ತಾಗುತ್ತದೆ ಎಂಬ ಭಯ. ಇರುಳುಗಣ್ಣಿನ ಹುಡುಗಿ ಎಂದು ಹೆಸರು ಬಿದ್ದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ, ಅವಳ ದೆಸೆಯಿಂದ ನನ್ನನ್ನು ಯಾರು ಮಾಡಿಕೊಳ್ಳುತ್ತಾರೆ! ತಾಯತ ಕಟ್ಟಿದರು, ಹರಕೆ ಹೊತ್ತರು, ಸಂಜೆಯಾದರೆ ಅವಳನ್ನು ಹೊರಗೆ ಬಿಡದೆ ನಡುಮನೆಯಲ್ಲಿ ಕೂರಿಸಿದರು. ಎರಡು ತಿಂಗಳು ಹೀಗೇ ಕಳೆದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋದ. ಭದ್ರಾವತಿಯ ಡಾಕ್ಟರಿಗೆ ತೋರಿಸಿದರೆ ಸುದ್ದಿ ಹರಡುತ್ತದಲ್ಲ! ಶಿವಮೊಗ್ಗದ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ತಲೆಯೆತ್ತದೆ ಹೇಳಿದರು:

"ಊಟದಲ್ಲಿ ಸತ್ವ ಇಲ್ಲ ಕಣ್ರೀ. ಹಾಲು ಕುಡಿಸಿ, ಸೊಪ್ಪು ತಿನ್ಸಿ, ಪಪ್ಪಾಯಿ, ಕ್ಯಾರೆಟ್ಟು ಕೊಡಿ. ಮೊಟ್ಟೆ ಕೊಟ್ರೆ ಬೇಗ ಆಗುತ್ತೆ."

ಮೊಟ್ಟೆ ಎಂದ ಕೂಡಲೇ ಅಪ್ಪನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ನಾವು ಅದೆಲ್ಲ ಮುಟ್ಟೋರಲ್ಲ ಸಾರ್."

"ಮುಟ್ಬೇಡಿ. ಸೊಪ್ಪು ತಿನ್ನಕ್ಕೇನು?"

"ಸಾರ್, ನಾನು ಕಾರ್ಖಾನೆ ನೌಕರ. ಸೊಪ್ಪು ತಿನ್ನೋ ಪರಿಸ್ಥಿತಿ ಏನಿಲ್ಲ ನಮ್ಗೆ."

ಡಾಕ್ಟರು ಆಗ ತಲೆಯೆತ್ತಿ ಅಪ್ಪನನ್ನು ನೋಡಿದರು. ಅಂಥ ನೋಟವನ್ನು ನಾನು ಆಮೇಲೆ ಬೇರೆಯವರ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೇನೆ.

"ನೌಕರರೇ, ಇನ್ನೂ ತಡ ಮಾಡಿದ್ರೆ ಈ ಮಗೂಗೆ ಹಗಲೂ ಕಾಣ್ಸಲ್ಲ. ಆಮೇಲೆ ಏನು ತಿನ್ನಿಸಿದ್ರೂ ಬರಲ್ಲ. ತಿಳೀತಾ?" ಎಂದು ಹೇಳಿ, ಎಣ್ಣೆ ತುಂಬಿದ ಗುಳಿಗೆಗಳ ಪೊಟ್ಟಣ ಕೊಟ್ಟರು.

ಗುಳಿಗೆಯನ್ನು ಅಜ್ಜಿ ಮೂಸಿ ನೋಡಿದಳು. ಮೀನಿನ ವಾಸನೆ ಬಂತು. ಪೊಟ್ಟಣ ಮೋರಿಗೆ ಹೋಯಿತು. ಉಳಿದದ್ದು ಡಾಕ್ಟರ ಮಾತು. ಸತ್ವ ಎಂದರೆ ದುಡ್ಡು ಕೊಟ್ಟು ತರುವಂಥದ್ದು ಎಂದು ಅಪ್ಪನಿಗೆ ಹೊಳೆದಿತ್ತು. ಪೇಟೆಯ ಔಷಧಿ ಅಂಗಡಿಯಿಂದ ಒಂದು ಡಬ್ಬಿ ತಂದ. ತಗಡಿನ ಡಬ್ಬಿ, ಒಳಗೆ ಕಂದು ಪುಡಿ, ಮೇಲೆ ಕೆನ್ನೆ ಕೆಂಪಗಿರುವ ಹುಡುಗ ಹಾಲಿನ ಲೋಟ ಹಿಡಿದುಕೊಂಡು ನಗುವ ಚಿತ್ರ. ಭಾರಿ ಬೆಲೆಯ ಡಬ್ಬಿ. ತಿಂಗಳು ತಿಂಗಳು ತರಬೇಕಲ್ಲ, ಅದಕ್ಕೆ ದಾರಿ? ಮನೆಗೆಂದು ಉಳಿಯುತ್ತಿದ್ದ ಆ ಒಂದು ಚೊಂಬು ಹಾಲನ್ನೂ ಕ್ವಾರ್ಟರ್ಸಿಗೆ ಹಾಕಲು ಶುರುಮಾಡಿದರು. ಹಾಲು ಮಾರಿ, ಹಾಲಿನ ಚಿತ್ರವಿರುವ ಡಬ್ಬಿ ತಂದು, ಆ ಪುಡಿಯನ್ನು ಬಿಸಿನೀರಿಗೆ ಕಲಸಿ ನಾಗುವಿಗೆ ಕುಡಿಸಿದರು. ಈ ಪ್ರಪಂಚದಲ್ಲಿ ಇಷ್ಟು ಜಾಣರ ಮನೆ ಇನ್ನೊಂದಿರಲಿಕ್ಕಿಲ್ಲ ಎಂದು ನಾನು ತಿಳಿದಿದ್ದೆ. ಈಗ ನೋಡಿದರೆ ದೇಶ ಪೂರಾ ಅದೇ ಮನೆ. ಆ ಪುಡಿಯಾದರೂ ಅವಳ ಹೊಟ್ಟೆಗೆ ಪೂರ್ತಿ ಹೋಯಿತೇ? ಅಣ್ಣ ಓದುವ ಹುಡುಗ, ಅವನಿಗೊಂದು ಚಮಚ. ಬಂದ ನೆಂಟರ ಎದುರು ಡಬ್ಬಿ ಗೂಡಿನಿಂದ ಇಳಿಯುತ್ತಿತ್ತು, ಅವರಿಗೊಂದು ಚಮಚ. ನಾಗು ಈಗ ಸಂಜೆಗೆ ಮುಂಚೆಯೇ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಗೋಡೆ ಹಿಡಿಯುತ್ತಿದ್ದಳು.

ನಮ್ಮ ಬೀದಿಯ ಹಿಂದಿನ ಸಾಲಿನಲ್ಲಿ ಅಂಜಲೆ ಎಂಬ ತಮಿಳು ಹೆಂಗಸಿದ್ದಳು. ಗಂಡ ಕುಲುಮೆಯ ಹತ್ತಿರ ಕೆಲಸ ಮಾಡುವವನು. ನಾಲ್ಕು ಮಕ್ಕಳು, ಒಂದೇ ಕೋಣೆ, ಹತ್ತೆಂಟು ಕೋಳಿ. ನಮ್ಮ ಮನೆಯವರು ಅವಳ ನೆರಳನ್ನೂ ದೂರವಿಟ್ಟಿದ್ದರು. ನಾಲೆಯ ದಂಡೆಯಲ್ಲಿ ಒಂದು ಮಧ್ಯಾಹ್ನ ನಾನು ಎಮ್ಮೆಗೆ ಸೊಪ್ಪು ಕೊಯ್ಯುತ್ತಿದ್ದೆ, ನಾಗು ದಂಡೆಯ ಮೇಲೆ ಕೂತಿದ್ದಳು. ಅಂಜಲೆಯೂ ಕುಡುಗೋಲು ಹಿಡಿದು ಬಂದವಳು ನನ್ನ ಹೊರೆಯನ್ನು ನೋಡಿ ಬಾಯಿ ಮೇಲೆ ಕೈಯಿಟ್ಟಳು.

"ಅಯ್ಯಯ್ಯೋ, ಇದು ಮಾಡುಕ್ಕಾ?"

ಮಾಡು ಎಂದರೆ ಅವರ ಭಾಷೆಯಲ್ಲಿ ದನ. ಹೌದು, ಎಮ್ಮೆಗೆ ಎಂದೆ.

"ಇದು ಪೊನ್ನಾಂಗಣ್ಣಿ ಅಮ್ಮಾ! ನಿಮ್ದುಕೆ ಹೊನಗೊನೆ ಅಂತಾರೆ. ಕಣ್ಣುಗೆ ಬಂಗಾರ ಇದು. ನಿಮ್ ಎಮ್ಮೆ ಏನು, ರಾತ್ರಿ ಕೂತು ಪುಸ್ತಕ ಓದ್ತದಾ?"

ನಾನು ನಗಲಿಲ್ಲ. ಅವಳು ನಾಗುವಿನ ಕಡೆ ನೋಡಿದಳು. ಹತ್ತಿರ ಹೋಗಿ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣಿನೊಳಗೆ ಇಣುಕಿದಳು. ಬೀದಿಗೇ ಗೊತ್ತಾಗಬಾರದೆಂದು ನಾವು ಮುಚ್ಚಿಟ್ಟಿದ್ದನ್ನು ಅವಳು ಒಂದೇ ನೋಟಕ್ಕೆ ಓದಿದಳು.

"ಮನೇಲಿ ಸೊಪ್ಪು ಕೊಡಲ್ವಾ?"

"ನಾವು ಸೊಪ್ಪು ತಿನ್ನಲ್ಲ. ನಾವು ಸಂಬಳದವರು," ಎಂದೆ. ಹತ್ತು ಹನ್ನೊಂದು ವರ್ಷದ ನನ್ನ ಬಾಯಿಯಲ್ಲಿ ಅಪ್ಪನೇ ಕೂತಿದ್ದ.

"ಥೂ," ಎಂದಳು ಅಂಜಲೆ. ಎಷ್ಟು ಚೊಕ್ಕವಾಗಿ ಉಗಿದಳೆಂದರೆ, ಇವತ್ತಿಗೂ ಅದಕ್ಕೆ ಸಮನಾಗಿ ನನಗೆ ಉಗಿಯಲು ಬಂದಿಲ್ಲ. "ನಾಳೆಯಿಂದ ಮಧ್ಯಾಹ್ನ ನಮ್ ಮನೆಗೆ ಕರ್ಕೊಂಡು ಬಾ. ಸಂಬಳ ನಾನು ಕೇಳಲ್ಲ."

ಕರೆದುಕೊಂಡು ಹೋದೆ. ಪ್ರೀತಿ ಉಕ್ಕಿ ಅಂತ ಯಾರೂ ತಿಳಿಯಬೇಡಿ. ಆ ತುಟಿ ಸೀಳಿದ್ದು ನನ್ನಿಂದ, ಆ ಸಂಜೆಯಿಂದ ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಎಮ್ಮೆಯ ಹೊರೆಯಿಂದ ಒಂದು ಹಿಡಿ ಹೊನಗೊನೆ ತೆಗೆದು ಅಂಜಲೆಗೆ ಕೊಡುತ್ತಿದ್ದೆ. ಅವಳು ಅದನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ಬಾಡಿಸಿ, ರಾಗಿ ಮುದ್ದೆಯ ಪಕ್ಕ ಇಡುತ್ತಿದ್ದಳು. ಮೂರನೆಯ ದಿನ ಅದರ ಪಕ್ಕ ಬೇಯಿಸಿದ ಮೊಟ್ಟೆ ಬಂತು. ನಾಗು ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ. ಅವಳು ತಿಂದಳು. ಇಷ್ಟು ವರ್ಷದಲ್ಲಿ ಇದನ್ನು ನಮ್ಮವರಾರಿಗೂ ಹೇಳಿಲ್ಲ. ಈಗ ಬರೆದಾಯಿತು, ಯಾರಿಗೆ ಹೊಟ್ಟೆ ತೊಳೆಸುತ್ತದೋ ತೊಳೆಸಲಿ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬಾರದು ಎಂದು ಮೈಕು ಹಿಡಿದು ಕೂಗುವವರನ್ನು ಕಂಡಾಗಲೆಲ್ಲ ನಾನು ಅವರ ಕೆನ್ನೆ ನೋಡುತ್ತೇನೆ. ಎಲ್ಲರಿಗೂ ತುಪ್ಪ ಸವರಿದಂಥ ಕೆನ್ನೆ. ತಮಗೆ ಬೇಡದ್ದನ್ನು ತಾವು ತಿನ್ನದಿದ್ದರೆ ಮುಗಿಯಿತು. ಇನ್ನೊಬ್ಬರ ಮಗುವಿನ ತಟ್ಟೆಗೆ ಕೈ ಹಾಕುವುದು ಎಂಥ ಮಡಿ?

ಮೂರು ವಾರವೋ ನಾಲ್ಕೋ ಕಳೆದಿರಬೇಕು. ಸಂಜೆ, ಹೊರಗೆ ಬೆಳಕು ಹೋಗಿ ಒಳಗಿನ್ನೂ ದೀಪ ಹಚ್ಚಿರದ ಹೊತ್ತು. ಅವ್ವ ಮುಂದಿನ ಕೋಣೆಯಲ್ಲಿ ಕಸ ಗುಡಿಸುತ್ತಿದ್ದಳು. ನಾನು ನಾಗುವಿನ ಕೈ ಹಿಡಿದು ಹಿತ್ತಿಲಿಗೆ ಬಂದೆ. ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡು ನಾಗು ನಿಂತುಬಿಟ್ಟಳು.

"ಅಕ್ಕಾ, ಎಮ್ಮೆ ಹುರುಳೀನ ಅಜ್ಜಿ ತಿಂತೈತೆ."

ಒಳಗೆ, ಗಡಿಗೆಯ ಮುಂದೆ ಅಜ್ಜಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೈ ಗಡಿಗೆಯೊಳಗೆ, ಇನ್ನೊಂದು ಕೈ ಬಾಯಲ್ಲಿ. ಹಲ್ಲಿಲ್ಲದ ಬಾಯಿ, ಬೆಂದ ಹುರುಳಿಯನ್ನು ಒಸಡಿನಲ್ಲೇ ಅರೆಯುತ್ತಿತ್ತು. ಗದ್ದದ ಮೇಲೆ ಕಂದು ನೀರು ಇಳಿಯುತ್ತಿತ್ತು. ಕಾಳಿ ಪಕ್ಕದಲ್ಲಿ ನಿಂತು, ತನ್ನ ಪಾಲು ಹೋಗುವುದನ್ನು ಸುಮ್ಮನೆ ನೋಡುತ್ತಿತ್ತು. ಒಪ್ಪತ್ತಿನ ವ್ರತ, ಹಸಿವನ್ನು ಹಚಾ ಎಂದು ಓಡಿಸಿದ ಶರಣೆ! ದಿನವೂ ಈ ಹೊತ್ತಿನಲ್ಲಿ ಎಮ್ಮೆಗೆ ಹುರುಳಿ ಹಾಕುವ ಕೆಲಸ ತನ್ನದೇ, ಬೇರೆ ಯಾರೂ ಬರಬಾರದು ಎಂದು ಅವಳು ಯಾಕೆ ಹಟ ಹಿಡಿಯುತ್ತಿದ್ದಳೆಂದು ಆಗ ತಿಳಿಯಿತು. ಅಜ್ಜಿ ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಆಮೇಲೆ ನಾಗುವಿನ ಕಡೆ ತಿರುಗಿ ಕೇಳಿದಳು.

"ನಿಂಗೆ ಕಾಣ್ತತಾ?"

"ಕಾಣ್ತತೆ. ಗದ್ದಕ್ಕೆ ಹತ್ತಿಕೊಂಡೈತೆ ನೋಡಜ್ಜಿ," ಎಂದಳು ನಾಗು.

ಅಜ್ಜಿ ಸೆರಗಿನಿಂದ ಗದ್ದ ಒರೆಸಿಕೊಂಡಳು. ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಿ, ಆಗದೆ, ನನ್ನ ಕಡೆ ಕೈ ಚಾಚಿದಳು. ಎತ್ತಲು ಹೋದೆ. ಹಿಡಿದ ಮಣಿಕಟ್ಟನ್ನು ಬಿಡದೆ, ಮುಖದ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಬಾಯಿಂದ ಹುರುಳಿಯ ಘಾಟು.

"ದಿನಾ ಮಧ್ಯಾಹ್ನ ಇವಳ ಬಾಯಿಂದ ಏನು ವಾಸನೆ ಬರ್ತತೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡೀಯಾ? ಮೂಗು ಇನ್ನೂ ಗಟ್ಟಿ ಐತೆ ಕಣೇ ನಂದು."

ಮಣಿಕಟ್ಟು ಬಿಡಿಸಿಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ಗೊತ್ತಿದ್ರೆ ಯಾಕೆ ಸುಮ್ಮನಿದ್ದೆ ಅಜ್ಜಿ?"

"ಬಾಯಿ ಮುಚ್ಚು. ನೀನು ಗಡಿಗೆ ಸುದ್ದಿ ಎತ್ತಬ್ಯಾಡ. ನಾನು ಆ ಕೋಳಿ ಸುದ್ದಿ ಎತ್ತಲ್ಲ."

ಅಷ್ಟೇ. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಕಳ್ಳರು ಕಳ್ಳರ ಹತ್ತಿರ ಮಾಡಿಕೊಂಡ ಒಪ್ಪಂದ. ಮಾರನೆಯ ಬೆಳಿಗ್ಗೆ ಹುರುಳಿಯ ಗಡಿಗೆ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂತು. ಕಟ್ಟಿನ ಸಮೇತ ಕಾಳು ತಿಂದರೆ ಎಮ್ಮೆಗೆ ಹೊಟ್ಟೆಯುಬ್ಬರ, ಕಟ್ಟು ಬಸಿದು ಹಾಕಬೇಕು, ಬಸಿದದ್ದನ್ನು ಚೆಲ್ಲುವುದು ಯಾಕೆ ಎಂದು ಅಜ್ಜಿ ಅವ್ವನಿಗೆ ಶಾಸ್ತ್ರ ಹೇಳಿದಳು. ಹಾಗೆ ಹುರುಳಿ ಕಟ್ಟಿನ ಸಾರು ಮರಳಿ ಬಂತು, ಅದರ ಹಿಂದೆ ಒಂದು ಹಿಡಿ ಕಾಳೂ ಬಂತು. ಎಮ್ಮೆಯ ಹೊರೆಯಿಂದ ಸೊಪ್ಪು ಆರಿಸುವುದು, ಕಾಳಿಗೆ ಕೆಡುಕಾಗುವ ಎಲೆ ತೆಗೆಯುವುದು ಎಂಬ ಹೆಸರಿನಲ್ಲಿ ಶುರುವಾಯಿತು. ನಮಗೆ ಬೇಕು ಎಂದು ಆ ಮನೆಯಲ್ಲಿ ಯಾವ ಹೆಂಗಸೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಯವರೆಗೂ ಎಲ್ಲ ಎಮ್ಮೆಯ ಹಿತಕ್ಕೇ. ನಮ್ಮಿಬ್ಬರ ಮದುವೆ ಮುಗಿದ ಮೇಲೆ ಅಪ್ಪ, ಡಬ್ಬಿಯಿಂದ ಮಗಳ ಕಣ್ಣು ಬಂತು ಎಂದು ಸಾಯುವ ತನಕ ಕಾರ್ಖಾನೆಯವರಿಗೆಲ್ಲ ಹೇಳಿಕೊಂಡು ತಿರುಗಿದ. ಅಂಜಲೆಗೆ ನಮ್ಮ ಮನೆಯಿಂದ ಒಂದು ಲೋಟ ಮಜ್ಜಿಗೆಯೂ ಹೋಗಲಿಲ್ಲ.

ಇಷ್ಟು ಉಂಡು ಬೆಳೆದವಳು ನಾನು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನನ್ನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರಬೇಕು, ನನ್ನ ತಟ್ಟೆಯೂ ಆ ಸಾಲಿನಲ್ಲೇ ಇರಬೇಕು ಎಂದು ಜಗಳ ತೆಗೆದೆ. ಗಂಡ ಆರು ತಿಂಗಳು ಮುಖ ಊದಿಸಿಕೊಂಡ. ಯಾರ ತಟ್ಟೆಯಲ್ಲಿ ಏನಿದೆ ಎಂದು ಇಣುಕುವ ನನ್ನ ಚಾಳಿ ಸೊಸೆಗೆ ಆಗುವುದಿಲ್ಲ. ಆಗದಿದ್ದರೆ ಬಿಡಲಿ.

ಶಿಬಿರದ ವಿಷಯಕ್ಕೆ ಬರುತ್ತೇನೆ. ಭಾಷಣ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಉಡುಗೊರೆ ಹಂಚಿದರು. ನೋಡಿದರೆ ಡಬ್ಬಿ! ತಗಡು ಹೋಗಿ ಪ್ಲಾಸ್ಟಿಕ್ ಬಂದಿದೆ, ಹುಡುಗ ಹೋಗಿ ಹುಡುಗಿ ಬಂದಿದ್ದಾಳೆ. ಹಾಲಿನ ಲೋಟ ಅದೇ. ನಾಗು ಅದನ್ನು ಕೈ ಉದ್ದ ದೂರ ಹಿಡಿದು, ಕನ್ನಡಕವಿಲ್ಲದೆ, ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು.

"ಒಂದು ಲೋಟ ಬೆಚ್ಚಗಿನ ಹಾಲಿಗೆ ಎರಡು ಚಮಚ ಬೆರೆಸಿ ಕೊಡಿ."

ನಮ್ಮ ಪಕ್ಕದಲ್ಲಿ ರೇಣುಕಾ ಕೂತಿದ್ದಳು. ನಮ್ಮ ಹಿಂದಿನ ರಸ್ತೆಯವಳು, ಚೌಲ್ಟ್ರಿಯಲ್ಲಿ ಪಾತ್ರೆ ತೊಳೆಯುತ್ತಾಳೆ, ಬಸುರಿ. ಸೊಂಟದ ಮೇಲೆ ಇನ್ನೊಂದು ಕೂಸು. ಅದರ ಕೂದಲಿಗೂ ಜೋಳದ ಗರಿಯ ಬಣ್ಣ. ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಹಾಲೂ ಇದ್ರೊಳಗೇ ಇರ್ತತಾ ಅಜ್ಜಿ?"

"ಇಲ್ಲ. ಅದು ಎಮ್ಮೆ ಹತ್ರ ಇರ್ತತೆ."

"ಎಮ್ಮೆ ಯಾರ ಹತ್ರ ಐತೆ?"

ನಾಲೆಗೆ ಹೋಗಿ ಹೊನಗೊನೆ ಕೊಯ್ದುಕೋ ಎಂದು ಬಾಯಿಗೆ ಬಂದಿತ್ತು. ಆದರೆ ಇಲ್ಲಿಯ ನಾಲೆಯ ದಂಡೆಗೆ ಈಗ ಸಿಮೆಂಟು ಮೆತ್ತಿದ್ದಾರೆ, ನೀರಿನಲ್ಲಿ ಹೇಲಿನ ಜೊತೆಗೆ ಮಾತ್ರೆ ಬಾಟಲಿಗಳೂ ತೇಲುತ್ತವೆ. ಅದೇ ಸೊಪ್ಪು ಸೂಪರ್ ಮಾರ್ಕೆಟ್ಟಿನಲ್ಲಿ ಹಾಳೆ ಸುತ್ತಿಕೊಂಡು ತಣ್ಣಗೆ ಮಲಗಿರುತ್ತದೆ. ನಮ್ಮ ಅಜ್ಜಿ ಬಿಟ್ಟು ಬಂದ ರಾಗಿ ಈಗ ಬಿಸ್ಕತ್ತಾಗಿ ಸಾಹೇಬರ ಮಕ್ಕಳ ಬಾಯಿಗೆ ಹೋಗುತ್ತಿದೆ. ರೇಷನ್ ಅಂಗಡಿಯಲ್ಲಿ ರೇಣುಕಾಳ ಚೀಲಕ್ಕೆ ಬೀಳುವುದು ಬಿಳಿ ಅಕ್ಕಿ, ಮಲ್ಲಿಗೆ ಮೊಗ್ಗಿನಂಥದ್ದು. ಬರೀ ಬಾಯಲ್ಲಿ ದಾರಿ ತೋರಿಸಿದರೆ ನಾನೂ ಆ ಗೋಡೆಯ ಮೇಲಿನ ತಟ್ಟೆಯೇ.

"ನಾಳೆ ಹೊತ್ತಾರೆ ಮನೆಗೆ ಬಾ," ಎಂದೆ. "ಹುರುಳಿ ಬೇಯಿಸಿರ್ತೀನಿ, ಸೊಪ್ಪು ಹಾಕಿ. ಮೊಟ್ಟೆನೂ ಇರ್ತತೆ. ಕೂಸಿಗೂ, ನಿಂಗೂ. ಎರಡು ದಿನ ಬಂದು ಬಿಡಂಗಿಲ್ಲ, ಹೆರಿಗೆ ಆಗೋ ತನಕ ದಿನಾ ಬರ್ಬೇಕು."

"ಅಯ್ಯೋ, ನಿಮ್ ಸೊಸೆ ಬೈಯಲ್ವಾ?"

"ಬೈತಾಳೆ. ಅವಳಿಗೂ ಒಂದು ಕೆಲಸ ಬೇಕಲ್ಲ ಮಾರಾಯ್ತಿ."

ಬಂದಳು. ಬರುವಾಗ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ನೋಡಿದ ಕೂಡಲೇ ತಿಳಿಯಿತು. ಅದರಲ್ಲಿ ತುಂಬಿಸಿಕೊಂಡು ಹೋಗಿ, ಮೊದಲು ಗಂಡನಿಗೆ, ಆಮೇಲೆ ಮೈದುನನಿಗೆ, ಆಮೇಲೆ ಅತ್ತೆಗೆ ಬಡಿಸಿ, ಕೊನೆಗೆ ತಳ ಕೆರೆಯುತ್ತ ಕೂರುವವಳು. ಆ ಕೆರೆಯುವ ಸದ್ದು ನನಗೆ ಬೇಕಾಗಿಲ್ಲ. ಡಬ್ಬಿಯನ್ನು ಹೊಸ್ತಿಲಾಚೆ ಇಡಿಸಿ, ಅವಳನ್ನು ಒಳಗೆ ಕರೆದು, ನನ್ನ ಎದುರಿಗೇ ತಟ್ಟೆ ಹಾಕಿದೆ.